ಹಳೆಯ ಹಾಯಿದೋಣಿಯ ತಂತಿ, ಹಗ್ಗ, ಕಂಬ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಹಾಯಿದೋಣಿ ರಿಪೇರಿ ಮಾಡ್ತೀವಿ ಅಂದರೆ ಜನ ಮೊದಲು ಕೇಳುವುದು, "ಇಲ್ಲಿ ಸಮುದ್ರ ಎಲ್ಲಿದೆ?" ಅಂತ. ಮಂಗಳೂರು ಇಲ್ಲಿಂದ ಸುಮಾರು 300 ಕಿ.ಮೀ. ನಿಜ. ಆದರೆ ಹಾಯಿದೋಣಿಗೆ ಉಪ್ಪುನೀರೇ ಬೇಕು ಅಂತೇನಿಲ್ಲ. ನೀರು ಬೇಕು, ಗಾಳಿ ಬೇಕು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿದೋಣಿ ನಡೆಸುವುದನ್ನು ತುಂಬಾ ಜನ ನೋಡಿದ್ದಾರೆ.

ಕ್ಯಾತಸಂದ್ರದ ನಮ್ಮ ಶೆಡ್‌ನಲ್ಲಿ ಇರುವುದು ಎಂಟರ್‌ಪ್ರೈಸ್ ಎಂಬ ಮಾದರಿಯ ದೋಣಿ. ಉದ್ದ 13 ಅಡಿ 3 ಇಂಚು. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ಇದರ ವಿನ್ಯಾಸ ಮಾಡಿದರು. ನಮ್ಮ ಕೈಗೆ ಬಂದಾಗಲೇ ಅದು ಹಳೆಯದು. ಅದನ್ನು ಸರಿ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಹಾಗೆ ಸಮುದ್ರದಿಂದ ದೂರ ಇದ್ದು, ದೋಣಿ ಸಾಮಾನಿನ ಅಂಗಡಿಯೇ ಇಲ್ಲದ ಊರಲ್ಲಿ ಹಳೆಯ ದೋಣಿ ಇಟ್ಟುಕೊಂಡವರಿಗೆ ಇದು ಅನುಕೂಲ ಆಗಲಿ ಅಂತ ಆಸೆ.

ಈ ಹೆಸರುಗಳೇ ಗೊತ್ತಿಲ್ಲ. ಮೊದಲು ಅದನ್ನು ಹೇಳಿ.

ಶಾಮಿಯಾನದ ಕಂಬ ನೆನೆಸಿಕೊಳ್ಳಿ. ಕಂಬ ನಿಂತಿರುವುದು ಗುಂಡಿಯಿಂದಲ್ಲ, ಸುತ್ತ ಎಳೆದು ಕಟ್ಟಿದ ಹಗ್ಗದಿಂದ. ದೋಣಿಯಲ್ಲೂ ಅಷ್ಟೇ. ನಡುವಿನ ಕಂಬ ಮಾಸ್ಟ್. ಅದನ್ನು ಎಡಕ್ಕೂ ಬಲಕ್ಕೂ ಹಿಡಿದಿರುವ ತಂತಿಗಳು ಶ್ರೌಡ್. ಮುಂದಕ್ಕೆ ಹಿಡಿದಿರುವುದು ಫೋರ್‌ಸ್ಟೇ. ಮಾಸ್ಟಿನ ಹಿಂದೆ ಅಡ್ಡಲಾಗಿ ಇರುವ ಕೋಲು ಬೂಮ್. ದೊಡ್ಡ ಹಾಯಿ ಮೇನ್‌ಸೈಲ್, ಮುಂದಿನ ಸಣ್ಣದು ಜಿಬ್. ಹಾಯಿ ಏರಿಸುವ ಹಗ್ಗಕ್ಕೆ ಹಾಲ್ಯಾರ್ಡ್ ಅಂತಾರೆ. ಗಾಳಿಗೆ ತಕ್ಕಂತೆ ಹಾಯಿಯನ್ನು ಎಳೆದು ಬಿಡುವ ಹಗ್ಗ ಶೀಟ್. ಹಾಯಿ ಬಿಟ್ಟು ಇದೆಲ್ಲಾ ಸೇರಿದರೆ ರಿಗ್ಗಿಂಗ್. ಈ ಹೆಸರುಗಳಿದ್ದರೆ ಮುಂದಿನದೆಲ್ಲಾ ಅರ್ಥ ಆಗುತ್ತದೆ.

ಹಳೆಯ ದೋಣಿ ಕೊಂಡಿದ್ದೇವೆ. ತಂತಿ, ಹಗ್ಗ ಎಲ್ಲಾ ಒಟ್ಟಿಗೆ ಬದಲಿಸಿಬಿಡೋಣವಾ?

ಬೇಡ. ಮೊದಲು ಒಂದು ಇಡೀ ದಿನ ಕೂತು ನೋಡಿ. ಎಲ್ಲಾ ಕಿತ್ತು ಹೊಸದು ಹಾಕಿದರೆ ದುಡ್ಡು ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಹಳೆಯದು ಯಾಕೆ ಹಾಳಾಯಿತು ಅನ್ನುವುದು ಗೊತ್ತಾಗುವುದೇ ಇಲ್ಲ. ರಾಟೆಯ ಅಂಚು ಹರಿತವಾಗಿ ಹಗ್ಗವನ್ನು ಕೊಯ್ಯುತ್ತಿದ್ದರೆ ಹೊಸ ಹಗ್ಗವನ್ನೂ ಅದು ಕೊಯ್ಯುತ್ತದೆ ಅಲ್ವಾ?

ನನ್ನ ಅನುಭವದಲ್ಲಿ ತಂತಿ ನಡುವೆ ಕಿತ್ತುಹೋಗುವುದು ಅಪರೂಪ. ಹಾಳಾಗುವುದು ತುದಿಗಳು. ತಂತಿ ಮುಗಿದು ಫಿಟ್ಟಿಂಗ್ ಶುರುವಾಗುವ ಜಾಗ, ಪಿನ್ ಕೂರುವ ತೂತು, ಟೇಪ್ ಸುತ್ತಿ ಮುಚ್ಚಿದ ಭಾಗ. ಅಲ್ಲಿಂದ ಶುರು ಮಾಡಿ. ಹಳೆಯ ಟೇಪನ್ನೆಲ್ಲಾ ಬಿಚ್ಚಿ. ಅಡಗಿರುವ ತುಕ್ಕು ಅದರ ಕೆಳಗೇ ಇರುತ್ತದೆ.

ಒಂದು ಮಾತು ಮರೆಯಬೇಡಿ. ಏನನ್ನೇ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಅಳತೆ ಬರೆದಿಡಿ. ಶ್ರೌಡ್ ಅಳತೆಯನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ತಂತಿಯನ್ನು ಸ್ವಲ್ಪ ಎಳೆದು ಹಿಡಿದು ತೆಗೆಯಬೇಕು.

ತಂತಿ ಹಾಳಾಗಿದೆ ಅಂತ ತಿಳಿಯುವುದು ಹೇಗೆ? ನೋಡೋಕೆ ಹೊಳೆಯುತ್ತಲೇ ಇದೆ.

ಹೊಳಪನ್ನು ನಂಬಬೇಡಿ. ಶ್ರೌಡಿಗೆ ಹಾಕುವ ಸ್ಟೇನ್‌ಲೆಸ್ ತಂತಿಯಲ್ಲಿ ಸಾಮಾನ್ಯವಾಗಿ 19 ದಪ್ಪ ಎಳೆ ಒಟ್ಟಿಗೆ ಹೊಸೆದಿರುತ್ತವೆ. ಒಂದು ಎಳೆ ತುಂಡಾದರೂ ದೂರದಿಂದ ಕಾಣುವುದಿಲ್ಲ.

ನಾವು ಮಾಡುವುದು ಹೀಗೆ. ಮಾಸ್ಟನ್ನು ಕೆಳಗಿಳಿಸಿ, ಎರಡು ಪ್ಲಾಸ್ಟಿಕ್ ಡ್ರಮ್ ಮೇಲೆ ಮಲಗಿಸುತ್ತೇವೆ. ಹತ್ತಿಯ ಉಂಡೆ ಹಿಡಿದು ತಂತಿಯ ಮೇಲಿನಿಂದ ಕೆಳಗಿನವರೆಗೆ ನಿಧಾನಕ್ಕೆ ಸವರುತ್ತೇವೆ. ಎಲ್ಲಾದರೂ ಎಳೆ ತುಂಡಾಗಿ ಸಿಬಿರಿನ ಹಾಗೆ ಎದ್ದಿದ್ದರೆ ಹತ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬರಿಗೈಲಿ ಸವರಬೇಡಿ, ಬೆರಳು ಸೀಳುತ್ತದೆ.

ಇನ್ನೊಂದು ಪರೀಕ್ಷೆಯನ್ನು ಕಲಿಸಿಕೊಟ್ಟವರು ನಮ್ಮ ಬೀದಿಯ ಹಿರಿಯರೊಬ್ಬರು. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತಲ್ಲ, ಅದಕ್ಕೂ ಮುಂಚೆಯೇ ಅಲ್ಲಿಂದ ನಿವೃತ್ತರಾದವರು. ಒಂದು ಭಾನುವಾರ ಶೆಡ್ಡಿಗೆ ಬಂದರು. ಜೇಬಿನಿಂದ ಗಡಿಯಾರ ರಿಪೇರಿಯ ಭೂತಕನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಶ್ರೌಡಿನ ಕೆಳತುದಿಯ ಫಿಟ್ಟಿಂಗ್ ಹಿಡಿದು ಟ್ಯೂಬ್‌ಲೈಟ್ ಕೆಳಗೆ ತಿರುಗಿಸುತ್ತಾ ಹೋದರು. "ಇಲ್ಲಿ ನೋಡಪ್ಪಾ" ಅಂದರು. ಒತ್ತಿ ಕೂರಿಸಿದ ಕೊಳವೆಯ ಉದ್ದಕ್ಕೆ ಕೂದಲಿನಷ್ಟು ತೆಳು ಗೆರೆ. ಅದರ ಅಂಚಿನಲ್ಲಿ ಕಂದು ಬಣ್ಣದ ಒಂದು ಚುಕ್ಕೆ. ನಾನು ಅದೇ ತುದಿಯನ್ನು ಹತ್ತು ಸಲ ಒರೆಸಿದ್ದೆ, ಕಂಡಿರಲಿಲ್ಲ. ಅದು ಬಿರುಕು. ಅವತ್ತೇ ಎರಡೂ ಶ್ರೌಡ್ ಬಿಚ್ಚಿ ಪಕ್ಕಕ್ಕಿಟ್ಟೆವು.

ನೀವು ನೋಡಬೇಕಾದದ್ದು ಇವೇ: ಫಿಟ್ಟಿಂಗ್ ಮೇಲೆ ಉದ್ದನೆಯ ಬಿರುಕು, ತಂತಿ ಒಳಗೆ ಹೋಗುವ ಜಾಗದಲ್ಲಿ ಕಂದು ಕಲೆ, ಎಳೆಗಳ ನಡುವೆ ಸಂದು, ಒಮ್ಮೆ ಮಡಿಸಿ ನೇರ ಮಾಡಿದ ಗುರುತು. ಒಂದು ಎಳೆ ಹೋಗಿದ್ದರೂ ತಂತಿ ಬದಲಿಸಿ. ಉಳಿದ ಎಳೆಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ. ಒಂದು ಪಕ್ಕದ್ದು ಹೋದರೆ ಎರಡೂ ಪಕ್ಕ ಹೊಸದು ಹಾಕಿ.

ಸಿಹಿನೀರಿನಲ್ಲಿ ತಂತಿ ಜಾಸ್ತಿ ವರ್ಷ ಬಾಳುತ್ತದೆ ಅಲ್ವಾ?

ತುಕ್ಕಿನ ಮಟ್ಟಿಗೆ ಹೌದು. ಸಮುದ್ರದ ದೋಣಿಗಳಲ್ಲಿ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ತಂತಿ ಬದಲಿಸುವ ಲೆಕ್ಕ ಹೇಳುತ್ತಾರೆ, ನಮ್ಮ ಕೆರೆಗಳಲ್ಲಿ ಉಪ್ಪಿನ ಕಾಟ ಇಲ್ಲ. ಆದರೆ ತಂತಿ ದಣಿಯುವುದು ಉಪ್ಪಿನಿಂದ ಮಾತ್ರ ಅಲ್ಲ. ಎಳೆದು ಬಿಟ್ಟು, ಎಳೆದು ಬಿಟ್ಟು ಲೋಹ ಒಳಗೇ ಸೋಲುತ್ತದೆ. ಟ್ರೈಲರ್ ಮೇಲೆ ಮಾಸ್ಟ್ ಮಲಗಿಸಿ ಹೆದ್ದಾರಿಯಲ್ಲಿ ಹೋಗುವಾಗ ತಂತಿ ಸಡಿಲವಾಗಿ ಕುಣಿಯುತ್ತಿದ್ದರೂ ತುದಿಗೆ ಪೆಟ್ಟು. ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿ ಸಾಗಿಸಿ.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಟೀಲ್ ತಂತಿ ಹಾಕಬಹುದಾ?

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ನಾನೂ ಮೊದಲು ಅಲ್ಲೇ ಹುಡುಕಿದ್ದು.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಜಿಐ ತಂತಿ ಹಗ್ಗ, ಅಂದರೆ ಸತುವಿನ ಲೇಪ ಇರುವ ಕಬ್ಬಿಣ. ಭಾರ ಎತ್ತೋಕೆ ಅದು ಸರಿ. ಶ್ರೌಡಿಗೆ ಹಾಕಿದರೆ ಹಿಗ್ಗುತ್ತದೆ. ತಿರುವಿನಲ್ಲಿ ಲೇಪ ಉದುರಿ ತುಕ್ಕು ಹಿಡಿಯುತ್ತದೆ. ಬೈಕಿನ ಕ್ಲಚ್ ತಂತಿ, ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಖಂಡಿತಾ ಬೇಡ. ಹೊದಿಕೆ ಇದ್ದರೆ ಒಳಗೆ ಏನಾಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಇನ್ನು "ಎಸ್‌ಎಸ್" ಅಂತ, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಅಂತ ಕೊಡುವುದರಲ್ಲೂ ದರ್ಜೆಯ ವ್ಯತ್ಯಾಸ ಇದೆ. 202 ಬೇರೆ, 304 ಬೇರೆ, 316 ಬೇರೆ. ದೋಣಿಗೆ 316 ಒಳ್ಳೆಯದು. ಸಿಹಿನೀರಿಗೆ 304 ನಡೆಯುತ್ತದೆ. 202 ಬೇಗ ಕಲೆ ಕಟ್ಟುತ್ತದೆ. ಅಯಸ್ಕಾಂತ ಇಟ್ಟು ನೋಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದು ಸರಿಯಾದ ಪರೀಕ್ಷೆ ಅಲ್ಲ. 202ಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಒಳ್ಳೆಯ 304 ತಂತಿಯೂ ಎಳೆದು ತಯಾರಿಸುವಾಗ ಸ್ವಲ್ಪ ಅಂಟುವ ಗುಣ ಪಡೆದಿರಬಹುದು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ನಮ್ಮ ಅಳತೆಯ ದೋಣಿಗೆ 3 ಮಿ.ಮೀ. ದಪ್ಪದ, 19 ಎಳೆಯ 316 ತಂತಿ ಸಾಕು. ಅದು ಸುಮಾರು 700 ಕೆ.ಜಿ. ಎಳೆತದವರೆಗೆ ತಡೆಯುತ್ತದೆ. ಅದನ್ನು ತರಿಸಿಕೊಳ್ಳಿ. ತುದಿಯನ್ನು ಯಂತ್ರದಲ್ಲಿ ಒತ್ತಿಸಿಯೇ ತರಿಸಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಕೊಳವೆ ಜಾರುತ್ತದೆ. ಕಾಯಲು ಎರಡು ವಾರ ಆದರೂ ಪರವಾಗಿಲ್ಲ. ಆಷಾಢದ ಗಾಳಿ ಶುರುವಾಗಿದೆ, ಗಾಳಿ ಬಂದಾಗ ತೂರಿಕೊಳ್ಳೋಣ ಅಂತ ಕೈಗೆ ಸಿಕ್ಕಿದ್ದನ್ನು ಕಟ್ಟಿ ದೋಣಿ ಇಳಿಸಬೇಡಿ.

ತಂತಿ ತುದಿಗೆ ಕ್ಲಿಪ್ ಹಾಕಿ ನಟ್ ಬಿಗಿದರೆ ಆಗಲ್ವಾ?

ದಡ ಸೇರುವವರೆಗೆ ಮಾತ್ರ. ಹಾಕುವುದಾದರೆ ಕ್ಲಿಪ್ಪಿನ ಚಪ್ಪಟೆ ಭಾಗ ಎಳೆತ ಬೀಳುವ ತಂತಿಯ ಮೇಲೆ ಕೂರಬೇಕು. ಬಾಗಿದ ಬೋಲ್ಟ್ ಉಳಿಕೆ ತುದಿಯ ಮೇಲೆ ಬರಬೇಕು. ತಿರುಗಾಮುರುಗಾ ಆದರೆ ಬೋಲ್ಟ್ ಮುಖ್ಯ ತಂತಿಯನ್ನೇ ಜಜ್ಜಿಬಿಡುತ್ತದೆ. ಕಡಿಮೆ ಅಂದರೂ ಮೂರು ಕ್ಲಿಪ್ ಬೇಕು.

ಪಿನ್ನುಗಳನ್ನು ಲೇತ್ ಅಂಗಡಿಯಲ್ಲಿ ಮಾಡಿಸಬಹುದಾ?

ಧಾರಾಳವಾಗಿ. ನಮ್ಮ ಊರಿನ ದೊಡ್ಡ ಅನುಕೂಲವೇ ಇದು. ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳು ಹತ್ತಿರದಲ್ಲೇ ಇವೆ. ಒಳ್ಳೆಯ ಟರ್ನರ್‌ಗಳಿದ್ದಾರೆ. ಹಳೆಯ ಪಿನ್ ಜೊತೆಗೆ ಅದು ಕೂರುವ ಫಿಟ್ಟಿಂಗನ್ನೂ ತೆಗೆದುಕೊಂಡು ಹೋಗಿ. ಹಳೆಯ ಪಿನ್ ಸವೆದಿರುತ್ತದೆ, ಅದರ ಅಳತೆಗೇ ಮಾಡಿಸಿದರೆ ಹೊಸದೂ ಸಡಿಲ. ತೂತಿನ ಅಳತೆಗೆ ಮಾಡಿಸಿ. 316 ರಾಡ್ ಸಿಗದಿದ್ದರೆ 304. ಹಿತ್ತಾಳೆ ಬೇಡ.

ಪಿನ್ ಬದಲು ಸಾಮಾನ್ಯ ಬೋಲ್ಟ್ ಹಾಕುವವರಿದ್ದಾರೆ. ಬೋಲ್ಟಿನ ಥ್ರೆಡ್ ಇರುವ ಭಾಗ ತೂತಿನ ಒಳಗೆ ಬಂದರೆ ಎಳೆತ ಪೂರ್ತಿ ಆ ಹಲ್ಲುಗಳ ಮೇಲೆ ಬೀಳುತ್ತದೆ. ತೂತು ಅರದಲ್ಲಿ ಉಜ್ಜಿದ ಹಾಗೆ ದೊಡ್ಡದಾಗುತ್ತದೆ. ನಟ್ಟೂ ಅಲುಗಾಟಕ್ಕೆ ಸಡಿಲ ಆಗುತ್ತದೆ.

ಪಿನ್ನಿಗಿಂತ ಮುಖ್ಯ ಅದನ್ನು ಹಿಡಿದಿರುವ ಸಣ್ಣ ಉಂಗುರ. ನಮ್ಮ ಮಾಸ್ಟ್ ಬಿದ್ದದ್ದು ಅದರಿಂದಲೇ. ಮಾರ್ಕೋನಹಳ್ಳಿ ಜಲಾಶಯದಲ್ಲಿ, ಮಧ್ಯಾಹ್ನದ ಗಾಳಿ. ಜಿಬ್ಬಿನ ಹಗ್ಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗೆಲ್ಲಾ ಬಲಗಡೆ ಶ್ರೌಡಿನ ಬುಡಕ್ಕೆ ಉಜ್ಜುತ್ತಿತ್ತು. ಆ ಉಂಗುರಕ್ಕೆ ನಾನು ಟೇಪ್ ಸುತ್ತಿರಲಿಲ್ಲ. ಹಗ್ಗ ಉಂಗುರವನ್ನು ತಿರುಗಿಸುತ್ತಾ ತಿರುಗಿಸುತ್ತಾ ಹೊರಕ್ಕೆ ತೆಗೆದುಬಿಟ್ಟಿದೆ. ಪಿನ್ ಜಾರಿತು. ಒಂದು 'ಟಣ್' ಶಬ್ದ, ಆಮೇಲೆ ಮಾಸ್ಟ್ ಎಡಕ್ಕೆ ನಿಧಾನವಾಗಿ ವಾಲಿ ನೀರಿಗೆ ಬಿತ್ತು. ಯಾರ ತಲೆಗೂ ತಾಗಲಿಲ್ಲ. ದೋಣಿಯ ತಳದಲ್ಲಿ ಆ ಉಂಗುರ ಬಿದ್ದಿತ್ತು, ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣದು. ಅವತ್ತಿನಿಂದ ಪ್ರತಿ ಉಂಗುರಕ್ಕೂ ಎರಡು ಸುತ್ತು ಟೇಪ್. ಎರಡೇ ಸುತ್ತು, ಜಾಸ್ತಿ ಬೇಡ. ಪ್ರತಿ ಸಲ ಬಿಚ್ಚಿ ಒಳಗೆ ನೋಡಬೇಕು.

ಹಾಲ್ಯಾರ್ಡ್ ಸಿಕ್ಕಿಕೊಂಡಿದೆ. ಹಾಯಿ ಮೇಲೂ ಹೋಗಲ್ಲ, ಕೆಳಗೂ ಬರಲ್ಲ.

ಜೋರಾಗಿ ಎಳೆಯಬೇಡಿ. ಎಳೆದಷ್ಟೂ ಕಗ್ಗಂಟಾಗುತ್ತದೆ. ಸಿಕ್ಕಿಕೊಳ್ಳುವ ರೀತಿ ಗಮನಿಸಿ.

ಪ್ರತಿ ಸಲ ಹಾಯಿ ಒಂದೇ ಎತ್ತರಕ್ಕೆ ಬಂದಾಗ ಹಗ್ಗ ನಿಲ್ಲುತ್ತಿದ್ದರೆ ಹಗ್ಗದಲ್ಲೇ ಒಂದು ಕಡೆ ಉಬ್ಬೋ, ಬಿಚ್ಚಿಕೊಂಡ ನಾರೋ ಇದೆ. ಎಲ್ಲಿ ಬೇಕಾದರೂ ನಿಲ್ಲುತ್ತಿದ್ದರೆ ಮೇಲಿನ ರಾಟೆ ತಿರುಗುತ್ತಿಲ್ಲ. ಏರುವಾಗ ಸಲೀಸು, ಇಳಿಯುವಾಗ ಮಾತ್ರ ತಡೆ ಅಂದರೆ ಹಗ್ಗ ರಾಟೆಯಿಂದ ಜಿಗಿದು ಪಕ್ಕದ ಸಂದಿಗೆ ಬಿದ್ದಿದೆ. ಬಾವಿಯ ರಾಟೆಯಲ್ಲಿ ಹಗ್ಗ ಪಕ್ಕಕ್ಕೆ ಸರಿದು ಸಿಕ್ಕಿಕೊಂಡದ್ದನ್ನು ನೋಡಿದ್ದರೆ ಇದೂ ಅದೇ. ಹಳೆಯ ದೋಣಿಗಳಲ್ಲಿ ಇದು ಜಾಸ್ತಿ. ಮೊದಲು ದಪ್ಪ ಹಗ್ಗ ಇದ್ದ ಜಾಗಕ್ಕೆ ಯಾರೋ ತೆಳು ಹಗ್ಗ ಹಾಕಿರುತ್ತಾರೆ, ಸಂದು ಮಾತ್ರ ಅಷ್ಟೇ ಇರುತ್ತದೆ. ಸಂದಿಗಿಂತ ದಪ್ಪದ ಹಗ್ಗ ಹಾಕಿ, ಇಲ್ಲವೇ ಎರಡೂ ಪಕ್ಕ ತೆಳುವಾದ ನೈಲಾನ್ ವಾಷರ್ ಕೂರಿಸಿ. ಹಿಂದೆ ತಂತಿ ಹಾಲ್ಯಾರ್ಡ್ ಇದ್ದಿದ್ದರೆ ರಾಟೆಯಲ್ಲಿ ಅದು ಸಣ್ಣ ಕಾಲುವೆ ಕೊರೆದಿರುತ್ತದೆ. ಅಂಥ ರಾಟೆ ಹೊಸ ಹಗ್ಗವನ್ನು ತಿಂದುಹಾಕುತ್ತದೆ, ಬದಲಿಸಿ.

ಇನ್ನೊಂದು ಕಾರಣ ನಮ್ಮಂಥ ಒಣ ಊರಿನದು. ಒಂದು ಬೇಸಿಗೆ ಪೂರ್ತಿ ಮಾಸ್ಟ್ ಶೆಡ್‌ನಲ್ಲೇ ಮಲಗಿತ್ತು. ಜೂನ್‌ನಲ್ಲಿ ತೆಗೆದರೆ ಹಗ್ಗ ಒಂದಿಂಚೂ ಅಲುಗಲಿಲ್ಲ. ರಾಟೆ ಬಿಚ್ಚಿದೆವು, ಎಣ್ಣೆ ಬಿಟ್ಟೆವು, ಏನೂ ಆಗಲಿಲ್ಲ. ಕೊನೆಗೆ ಬುಡದಿಂದ ಟಾರ್ಚ್ ಬಿಟ್ಟು ತುದಿಯಿಂದ ನೋಡಿದಾಗ ಬೆಳಕೇ ಬರಲಿಲ್ಲ. ಮಾಸ್ಟ್ ಅಂದರೆ ಟೊಳ್ಳು ಕೊಳವೆ. ಅದರೊಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಪಿವಿಸಿ ಪೈಪ್ ತೂರಿಸಿ, ನೀರು ಬಿಟ್ಟು ನೆನೆಸಿ ಮೆಲ್ಲಗೆ ತಳ್ಳಿದೆವು. ಕೆಂಪು ಮಣ್ಣಿನ ಹೆಂಟೆಗಳು ಒಂದೊಂದಾಗಿ ಉದುರಿದವು. ಒಡೆದು ನೋಡಿದರೆ ಒಂದೊಂದು ಕೋಣೆಯ ತುಂಬಾ ಒಣಗಿದ ಜೇಡಗಳು, ಮರಿಗಾಗಿ ತಾಯಿ ಹುಳ ಕೂಡಿಟ್ಟ ಊಟ. ಈಗ ಮಾಸ್ಟ್ ಮಲಗಿಸಿದ ಕೂಡಲೇ ಎರಡೂ ತುದಿಗೆ ಸೊಳ್ಳೆಪರದೆಯ ತುಂಡು ಕಟ್ಟುತ್ತೇವೆ. ಪ್ಲಾಸ್ಟಿಕ್ ಕಟ್ಟಬೇಡಿ, ಒಳಗೆ ಬೆವರುತ್ತದೆ.

ಹಾಲ್ಯಾರ್ಡ್ ತುದಿ ಕೈತಪ್ಪಿ ಮಾಸ್ಟ್ ಒಳಗೇ ಹೋಗಿಬಿಟ್ಟಿದೆ. ವಾಪಸ್ ಹೇಗೆ ತರುವುದು?

ಮನೆ ವೈರಿಂಗ್ ಮಾಡುವವರ ಹತ್ತಿರ ಪೈಪಿನೊಳಗೆ ವೈರ್ ಎಳೆಯುವ ಸ್ಪ್ರಿಂಗ್ ಇರುತ್ತದೆ. ಅರ್ಧ ದಿನಕ್ಕೆ ಕೇಳಿ ತನ್ನಿ. ಮಾಸ್ಟ್ ಮಲಗಿಸಿ ಅದನ್ನು ತೂರಿಸಿ, ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಿರಿ. ಆಮೇಲೆ ಆ ದಾರದ ಬೆನ್ನಿಗೆ ಹಗ್ಗ. ಸ್ಪ್ರಿಂಗ್ ಸಿಗದಿದ್ದರೆ ಗೇಣುದ್ದ ಸೈಕಲ್ ಚೈನನ್ನು ದಾರಕ್ಕೆ ಕಟ್ಟಿ, ಮಾಸ್ಟನ್ನು ಸ್ವಲ್ಪ ವಾಲಿಸಿ ಒಳಗೆ ಬಿಡಿ. ಚೈನ್ ತಾನೇ ಹರಿದು ಹೋಗುತ್ತದೆ.

ಹಗ್ಗ ಬದಲಿಸುವಾಗ ಹಳೆಯದನ್ನು ಎಳೆದು ತೆಗೆಯಬೇಡಿ. ಅದರ ತುದಿಗೆ ಹೊಸದರ ತುದಿ ಎದುರುಬದುರಾಗಿ ಇಟ್ಟು, ಸೂಜಿ ದಾರದಲ್ಲಿ ಹೊಲಿದು, ಮೇಲೆ ತೆಳುವಾಗಿ ಟೇಪ್ ಸುತ್ತಿ ಎಳೆಯಿರಿ. ಗಂಟು ಹಾಕಿದರೆ ರಾಟೆಯಲ್ಲಿ ನಿಲ್ಲುತ್ತದೆ.

ಯಾವ ಹಗ್ಗ ಕೊಳ್ಳಬೇಕು? ಬೋರ್‌ವೆಲ್ ಪಂಪಿಗೆ ಕಟ್ಟುವ ಹಗ್ಗ ಗಟ್ಟಿ ಅಲ್ವಾ?

ಗಟ್ಟಿ ಹೌದು. ಆದರೆ ಹಾಯಿ ಹಗ್ಗಕ್ಕೆ ಗಟ್ಟಿ ಇದ್ದರಷ್ಟೇ ಸಾಲದು. ಹಿಗ್ಗಬಾರದು, ಕೈಗೆ ಹಿಡಿತ ಸಿಗಬೇಕು, ಬಿಸಿಲಿಗೆ ತಡೆಯಬೇಕು. ಬೋರ್‌ವೆಲ್ ಹಗ್ಗ ಬಿರುಸು, ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಅಂಗಡಿ ಮುಂದೆ ನೇತು ಹಾಕಿರುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗಗಳು ನೀರಲ್ಲಿ ತೇಲುತ್ತವೆ, ಅದೊಂದು ಗುಣ. ಆದರೆ ನಮ್ಮ ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತವೆ. ಕೈಯಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಆ ಹಗ್ಗ ಮುಗಿಯಿತು ಅಂತ.

ತೆಂಗಿನ ನಾರಿನ ಹಗ್ಗ ನಮ್ಮ ಜಿಲ್ಲೆಯದೇ ಸೊತ್ತು, ನನಗೆ ಅದರ ಮೇಲೆ ಪ್ರೀತಿ. ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ಹಾಯಿಹಡಗುಗಳು ನಡೆದದ್ದೇ ಅದರ ಮೇಲೆ. ಇವತ್ತಿನ ಸಣ್ಣ ರಾಟೆಗೆ ಅದು ದಪ್ಪ, ಒರಟು. ದೋಣಿಯನ್ನು ದಡದಲ್ಲಿ ಕಟ್ಟಲು, ಪಕ್ಕಕ್ಕೆ ಉಜ್ಜದಂತೆ ಮೆತ್ತೆ ಮಾಡಲು ಬಳಸಿ.

ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತದೆ. ಲಂಗರಿಗೆ ಅದು ಬಹಳ ಒಳ್ಳೆಯದು, ಹಾಲ್ಯಾರ್ಡಿಗೆ ಕೆಟ್ಟದ್ದು. ಹಾಯಿ ಏರಿಸಿ ಕಟ್ಟಿದ ಹತ್ತು ನಿಮಿಷಕ್ಕೆ ಹಾಯಿ ಜೋಲುತ್ತದೆ. ಹಾಲ್ಯಾರ್ಡಿಗೂ ಶೀಟಿಗೂ ಹೆಣೆದ ಪಾಲಿಯೆಸ್ಟರ್ ಹಗ್ಗ ತನ್ನಿ. ಹಾಲ್ಯಾರ್ಡಿಗೆ ಮೊದಲೇ ಎಳೆದು ತಯಾರಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಶೀಟನ್ನು ಹೊತ್ತುಗಟ್ಟಲೆ ಕೈಯಲ್ಲಿ ಹಿಡಿಯಬೇಕು, 8 ಮಿ.ಮೀ.ಗಿಂತ ತೆಳು ಬೇಡ.

ತಂತಿ ಬದಲು ಡೈನೀಮಾ ಎಂಬ ಕೃತಕ ನಾರಿನ ಹಗ್ಗದ ಶ್ರೌಡ್ ಹಾಕಬಹುದಾ?

ಹಾಕುವವರಿದ್ದಾರೆ. ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ತುಂಬಾ ಗಟ್ಟಿ. ಆದರೆ ಗಂಟು ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಬಲ ಹೋಗುತ್ತದೆ. ತುದಿಯನ್ನು ಹಗ್ಗದೊಳಗೇ ಹೂತು ಹೆಣೆಯಲು ಕಲಿಯಬೇಕು. ಸದಾ ಎಳೆತದಲ್ಲಿದ್ದರೆ ನಿಧಾನವಾಗಿ ಉದ್ದವಾಗುತ್ತದೆ. ಹಳೆಯ ಫಿಟ್ಟಿಂಗಿನ ಹರಿತ ಅಂಚು ಅದನ್ನು ಕತ್ತರಿಸುತ್ತದೆ. ಮೊದಲ ದೋಣಿ ಆಗಿದ್ದರೆ ತಂತಿಯೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಗಂಟು ಎಷ್ಟು ಕಲಿಯಬೇಕು?

ಮೂರು ಸಾಕು. ಬೌಲೈನ್ ಅನ್ನುವ ಜಾರದ ಕುಣಿಕೆ, ಎಂಟರ ಆಕಾರದ ಗಂಟು, ಕ್ಲೀಟಿಗೆ (ಹಗ್ಗವನ್ನು ಜಾರದಂತೆ ಹಿಡಿದು ನಿಲ್ಲಿಸುವ ಫಿಟ್ಟಿಂಗ್) ಸುತ್ತುವ ಕಟ್ಟು. ದನ ಕಟ್ಟುವ ಜೀರುಗುಣಿಕೆಯನ್ನು ಹಾಯಿಗೆ ಹಾಕಬೇಡಿ. ಹಾಯಿ ಬಡಿದಾಡುವಾಗ ಅದು ಬಿಗಿಯುತ್ತಾ ಸಡಿಲವಾಗುತ್ತಾ ಬಿಚ್ಚಿಕೊಳ್ಳುತ್ತದೆ. ಬೌಲೈನ್ ಎಳೆತಕ್ಕೆ ಜಾರುವುದಿಲ್ಲ, ಕೆಲಸ ಮುಗಿದ ಮೇಲೆ ಒದ್ದೆಯಾಗಿದ್ದರೂ ಬಿಚ್ಚಬಹುದು. ಕತ್ತಲಲ್ಲಿ, ಕಣ್ಣು ಮುಚ್ಚಿ ಹಾಕಲು ಬರುವವರೆಗೆ ಅಭ್ಯಾಸ ಮಾಡಿ.

ಶ್ರೌಡ್ ಎಷ್ಟು ಬಿಗಿ ಇರಬೇಕು? ಮಾಸ್ಟ್ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ.

ಮೊದಲು ನೇರ ಮಾಡಿ, ಬಿಗಿ ಆಮೇಲೆ. ಮೇನ್‌ಸೈಲಿನ ಹಾಲ್ಯಾರ್ಡಿಗೆ ಅಳತೆ ಟೇಪು ಕಟ್ಟಿ ಮೇಲೇರಿಸಿ. ಕೆಳತುದಿಯನ್ನು ಎಡಗಡೆ ಶ್ರೌಡಿನ ಬುಡಕ್ಕೆ ಹಿಡಿದು ಅಳೆಯಿರಿ, ಹಾಗೇ ಬಲಗಡೆಗೂ. ಎರಡೂ ಸಮ ಇರಬೇಕು. ಕಣ್ಣಳತೆ ನಂಬಬೇಡಿ. ದೋಣಿ ನಿಂತ ನೆಲವೇ ಓರೆ ಇರಬಹುದು.

ಬಿಗಿ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ, ತಂಬೂರಿ ತಂತಿಯ ಹಾಗೆ ಎಳೆದುಬಿಡುವುದು. ಹಳೆಯ ಪ್ಲೈವುಡ್ ದೋಣಿಗೆ ಅದು ಶಿಕ್ಷೆ. ತಂತಿ ಎಳೆದಷ್ಟೂ ಮಾಸ್ಟ್ ದೋಣಿಯ ತಳವನ್ನು ಕೆಳಕ್ಕೆ ಒತ್ತುತ್ತದೆ. ಪಕ್ಕದ ಹಲಗೆಗಳು ಒಳಕ್ಕೆ ಬರುತ್ತವೆ. ಅಂಟು ಬಿಟ್ಟು ನೀರು ಜಿನುಗಲು ಶುರುವಾಗುತ್ತದೆ. ಸಣ್ಣ ದೋಣಿಯಲ್ಲಿ ಗಾಳಿ ಮರೆಯ ಕಡೆಯ ಶ್ರೌಡ್ ಓಡುವಾಗ ಸ್ವಲ್ಪ ಸಡಿಲ ಆದರೆ ತಪ್ಪಲ್ಲ. ಜೋತಾಡಿ ಬಡಿದುಕೊಳ್ಳಬಾರದು, ಅಷ್ಟೇ.

ಎಷ್ಟು ಬಿಗಿದರೂ ವಾರದೊಳಗೆ ಮತ್ತೆ ಸಡಿಲ ಆಗುತ್ತಿದ್ದರೆ ತಂತಿಯನ್ನು ಬೈಯಬೇಡಿ. ಮಾಸ್ಟಿನ ಬುಡ ಕೂರುವ ಮರ ಮೆತ್ತಗಾಗಿ ಕುಸಿಯುತ್ತಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ.

ದೋಣಿ ಸದಾ ಗಾಳಿ ಬರುವ ಕಡೆಗೇ ತಿರುಗುತ್ತದೆ. ಚುಕ್ಕಾಣಿ ಹಿಡಿದು ಕೈ ನೋಯುತ್ತದೆ.

ದೋಣಿಯನ್ನು ವಾಲಿಸದೆ ಸಮನಾಗಿ ಓಡಿಸಿ ನೋಡಿ. ವಾಲಿದ ದೋಣಿ ತಾನಾಗಿ ಗಾಳಿಗೆ ಮುಖ ಮಾಡುತ್ತದೆ. ಹೊರಕ್ಕೆ ಕೂತು ಸಮ ಮಾಡಿದ ಮೇಲೂ ಹಾಗೇ ಇದ್ದರೆ ಮಾಸ್ಟ್ ಹಿಂದಕ್ಕೆ ಜಾಸ್ತಿ ವಾಲಿದೆ. ಫೋರ್‌ಸ್ಟೇಯ ಪಿನ್ನನ್ನು ಪಟ್ಟಿಯಲ್ಲಿ ಒಂದು ತೂತು ಸರಿಸಿ ಗಿಡ್ಡ ಮಾಡಿ, ಶ್ರೌಡ್‌ಗಳನ್ನು ಅದಕ್ಕೆ ತಕ್ಕಂತೆ ಬಿಡಿ. ಮಾಸ್ಟಿನ ತುದಿಯಿಂದ ದೋಣಿಯ ಹಿಂಬದಿಯ ಹಲಗೆಗೆ ಟೇಪು ಹಿಡಿದು ಅಳತೆ ಬರೆದಿಡಿ. ಒಂದು ಸಲಕ್ಕೆ ಒಂದೇ ತೂತು. ಎರಡು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಹಾಯಿ ಹಳೆಯದಾಗಿ ಹೊಟ್ಟೆ ಬಿಟ್ಟಿದ್ದರೂ ಹೀಗಾಗುತ್ತದೆ. ಅದಕ್ಕೆ ರಿಗ್ಗಿಂಗ್ ಮದ್ದಲ್ಲ.

ಜಿಬ್ಬಿನ ಮುಂದಿನ ಅಂಚು ಜೋಲುತ್ತದೆ.

ಜಿಬ್ ಹಾಲ್ಯಾರ್ಡ್ ಸಾಕಷ್ಟು ಬಿಗಿ ಇಲ್ಲ. ಇಂಥ ದೋಣಿಗಳಲ್ಲಿ ಓಡುವಾಗ ಮಾಸ್ಟನ್ನು ಮುಂದಕ್ಕೆ ಹಿಡಿಯುವುದು ಫೋರ್‌ಸ್ಟೇ ಅಲ್ಲ, ಜಿಬ್ಬಿನ ಅಂಚಿನೊಳಗೆ ಹೊಲಿದ ತಂತಿ. ಜಿಬ್ ಏರಿಸಿ ಬಿಗಿದ ಮೇಲೆ ಫೋರ್‌ಸ್ಟೇ ಸ್ವಲ್ಪ ಸಡಿಲವಾದರೆ ಸರಿಯಾಗಿದೆ ಅಂತ ಅರ್ಥ.

ಕ್ಲೀಟ್ ಹಗ್ಗ ಹಿಡಿಯುವುದಿಲ್ಲ.

ತೊಳೆಯಿರಿ. ಮುಕ್ಕಾಲು ಪಾಲು ಸಲ ಒಳಗೆ ಕೆರೆಯ ಹೂಳು ಕೂತಿರುತ್ತದೆ. ಎಣ್ಣೆ ಬಿಡಬೇಡಿ, ಮಣ್ಣು ಇನ್ನೂ ಅಂಟುತ್ತದೆ. ಹಲ್ಲು ಸವೆದು ನುಣುಪಾಗಿದ್ದರೆ ಬದಲಿಸಿ. ಹಗ್ಗ ತೀರಾ ತೆಳುವಾಗಿದ್ದರೂ ಹಿಡಿಯುವುದಿಲ್ಲ.

ಅಲ್ಯೂಮಿನಿಯಂ ಮಾಸ್ಟಿನಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ ಬಂದಿದೆ.

ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ತೇವ ಇದ್ದರೆ ಅಲ್ಯೂಮಿನಿಯಂ ಕರಗುತ್ತದೆ. ಆ ಪುಡಿ ಅದೇ. ಉಪ್ಪುನೀರಲ್ಲಿ ಬೇಗ, ನಮ್ಮಲ್ಲಿ ನಿಧಾನ, ಆದರೆ ಆಗುವುದಂತೂ ಆಗುತ್ತದೆ. ಫಿಟ್ಟಿಂಗ್ ಬಿಚ್ಚಿ, ಪುಡಿ ಕೆರೆದು, ಎರಡು ಲೋಹ ತಾಗದ ಹಾಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಇದಕ್ಕಂತಲೇ ಸಿಗುವ ಪೇಸ್ಟ್ ಬಳಿದು ಕೂರಿಸಿ. ಹಳೆಯ ಸ್ಕ್ರೂ ಬಿಚ್ಚಲು ಬರದಿದ್ದರೆ ಬಲವಂತ ಮಾಡಬೇಡಿ, ತಲೆ ಮುರಿಯುತ್ತದೆ. ಜಂಗು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಪೂರ್ತಿ ನೆನೆಯಲಿ. ಬೆಳಿಗ್ಗೆ ಸುತ್ತಲಿನ ಅಲ್ಯೂಮಿನಿಯಮನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ ತಿರುಗಿಸಿ.

ನಮ್ಮದು ಮರದ ಮಾಸ್ಟ್.

ಚಮಚದ ಹಿಂಬದಿಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಮರ 'ಟಕ್' ಅನ್ನುತ್ತದೆ. ಕೊಳೆತ ಜಾಗದಲ್ಲಿ ಶಬ್ದ ಮಂಕು. ಕಪ್ಪು ಗೆರೆ ಇದ್ದರೆ ಅಲ್ಲಿ ವಾರ್ನಿಷ್ ಬಿಟ್ಟು ನೀರು ಒಳಗೆ ಹೋಗಿದೆ. ನಮ್ಮ ಏಪ್ರಿಲ್ ಬಿಸಿಲಿಗೆ ಮರದ ಮಾಸ್ಟ್ ಸೀಳುವುದು ಜಾಸ್ತಿ, ನೆರಳಲ್ಲೇ ಇಡಿ. ಉದ್ದಕ್ಕೆ ಸೀಳಿದ ಅಂಟಿನ ಗೆರೆಯನ್ನು ಎಪಾಕ್ಸಿಯಿಂದ ಸರಿಮಾಡಬಹುದು. ಅಡ್ಡಲಾಗಿ ಬಿರುಕು ಬಿಟ್ಟಿದ್ದರೆ ಆ ಮಾಸ್ಟ್ ಹಾಕಿ ನೀರಿಗೆ ಹೋಗಬೇಡಿ.

ಶ್ರೌಡ್ ಕಟ್ಟುವ ಪಟ್ಟಿಯನ್ನೂ ಬಿಚ್ಚಿ ನೋಡಬೇಕಾ? ಹೊರಗಡೆ ಚೆನ್ನಾಗಿದೆ.

ಬಿಚ್ಚಲೇಬೇಕು. ದೋಣಿಯ ಪಕ್ಕಕ್ಕೆ ಬೋಲ್ಟ್ ಮಾಡಿರುವ ಈ ಪಟ್ಟಿಗೆ ಚೈನ್‌ಪ್ಲೇಟ್ ಅಂತಾರೆ. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ತಾಗುತ್ತಿರಬೇಕು. ಒದ್ದೆ ಮರಕ್ಕೆ ಅಂಟಿಕೊಂಡು ಗಾಳಿ ಸಿಗದ ಹಿಂಬದಿಯಲ್ಲೇ ಅದು ಕೊರೆದುಹೋಗುವುದು. ಹಿಂದಿನ ಮರವೂ ಅಷ್ಟೇ, ಹೊರಗೆ ಪೇಂಟ್ ಹೊಳೆಯುತ್ತಿರುತ್ತದೆ, ಒಳಗೆ ರಾಗಿ ಹಿಟ್ಟಿನ ಹಾಗೆ ಉದುರುತ್ತದೆ.

ಮಾಸ್ಟ್ ನಿಲ್ಲಿಸುವಾಗ ಏನು ನೋಡಬೇಕು?

ತಲೆ ಎತ್ತಿ ಕರೆಂಟ್ ಲೈನ್ ನೋಡಿ. ಇದನ್ನು ನಾನು ಎಲ್ಲರಿಗೂ ಕೈಹಿಡಿದು ಹೇಳುತ್ತೇನೆ. ನಮ್ಮ ಕಡೆ ಕೆರೆ ಏರಿಯ ಪಕ್ಕ, ತೋಟದ ಬದಿಯಲ್ಲಿ ಪಂಪ್‌ಸೆಟ್ಟಿನ ಲೈನುಗಳು ತಗ್ಗಾಗಿ ಜೋತಿರುತ್ತವೆ. 11 ಕೆವಿ ಲೈನೂ ಹಾದುಹೋಗಿರುತ್ತದೆ. ಅಲ್ಯೂಮಿನಿಯಂ ಮಾಸ್ಟ್, ಸ್ಟೀಲ್ ತಂತಿ, ಒದ್ದೆ ಕಾಲು. ಹೈಟೆನ್ಷನ್ ಲೈನಿಗೆ ತಾಗುವುದೂ ಬೇಡ, ಹತ್ತಿರ ಹೋದರೂ ಸಾಕು. ಮಾಸ್ಟ್ ನಿಲ್ಲಿಸಿಕೊಂಡು ದೋಣಿಯನ್ನು ತಳ್ಳಿಕೊಂಡು ಹೋಗುವ ದಾರಿಯನ್ನೂ ಮೊದಲು ನಡೆದು ನೋಡಿ.

ಮೂರು ಜನ ಇರಲಿ. ಒಬ್ಬರು ಬುಡ ಹಿಡಿಯಬೇಕು, ಒಬ್ಬರು ಎತ್ತಬೇಕು, ಇನ್ನೊಬ್ಬರು ಫೋರ್‌ಸ್ಟೇ ಎಳೆಯಬೇಕು. ಶ್ರೌಡ್‌ಗಳನ್ನು ಮೊದಲೇ ಕಟ್ಟಿರಬೇಕು. ಗಾಳಿ ಜೋರಿದ್ದರೆ ಕಾಯಿರಿ.

ನೀರಿನ ಮೇಲೆ ಇರುವಾಗ ತಂತಿ ಕಿತ್ತುಬಂದರೆ?

ಗಾಳಿ ಬರುವ ಕಡೆಯ ಶ್ರೌಡ್ ಹೋದರೆ ತಕ್ಷಣ ಶೀಟ್ ಬಿಟ್ಟು ದೋಣಿಯನ್ನು ಗಾಳಿಯ ಇನ್ನೊಂದು ಮಗ್ಗುಲಿಗೆ ತಿರುಗಿಸಿ. ಆಗ ಭಾರ ಗಟ್ಟಿ ಇರುವ ಶ್ರೌಡಿಗೆ ಹೋಗುತ್ತದೆ. ಮುಂದಿನ ಫೋರ್‌ಸ್ಟೇಯೋ ಜಿಬ್ಬೋ ಹೋದರೆ ಗಾಳಿಗೆ ಬೆನ್ನು ಮಾಡಿ, ಗಾಳಿಯೇ ಮಾಸ್ಟನ್ನು ಮುಂದಕ್ಕೆ ತಳ್ಳಿ ಹಿಡಿಯುತ್ತದೆ. ಉಳಿದ ಹಾಲ್ಯಾರ್ಡನ್ನು ಬಿಚ್ಚಿ ಹೋದ ತಂತಿಯ ಜಾಗಕ್ಕೆ ಎಳೆದು ಕಟ್ಟಿ. ಹಾಯಿ ಇಳಿಸಿ, ಹುಟ್ಟು ಹಾಕಿ ದಡಕ್ಕೆ ಬನ್ನಿ. ಲೈಫ್ ಜಾಕೆಟ್ ಮೊದಲಿನಿಂದಲೇ ಮೈಮೇಲೆ ಇರಬೇಕು.

ದೋಣಿ ಮಗುಚಿ ಮಾಸ್ಟ್ ಹೂಳಲ್ಲಿ ಸಿಕ್ಕಿಕೊಂಡರೆ?

ನಮ್ಮ ಕೆರೆಗಳಲ್ಲಿ ಇದು ಆಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ, ಹೂಳು ಜಾಸ್ತಿ, ಕೆಲವು ಕಡೆ ಬಳ್ಳಾರಿ ಜಾಲಿಯ ಮೋಟುಗಳೂ ಇರುತ್ತವೆ. ದೋಣಿಯ ತಳದಿಂದ ಹೊರಕ್ಕೆ ಚಾಚಿರುವ ಹಲಗೆ ಮೇಲೆ ನಿಂತು ಜಗ್ಗಬೇಡಿ, ಮಾಸ್ಟ್ ಬಾಗುತ್ತದೆ. ಮೈಭಾರ ತೆಗೆದು, ಮಾಸ್ಟ್ ಯಾವ ದಿಕ್ಕಿನಿಂದ ಹೋಯಿತೋ ಅದೇ ದಿಕ್ಕಿಗೆ ನಿಧಾನವಾಗಿ ಎಳೆಯಿರಿ. ನಾವು ಮಾಸ್ಟಿನ ತುದಿಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಕ್ಯಾನ್ ಕಟ್ಟುತ್ತೇವೆ. ಮಗುಚಿದರೂ ತುದಿ ತೇಲುತ್ತದೆ, ದೋಣಿ ಪೂರ್ತಿ ತಲೆಕೆಳಗಾಗುವುದಿಲ್ಲ.

ಮಾರ್ಕೋನಹಳ್ಳಿಯಲ್ಲಿ ಯಾರು ಬೇಕಾದರೂ ದೋಣಿ ಇಳಿಸಬಹುದಾ?

ಇಲ್ಲ. ಯಾವ ಜಲಾಶಯವಾದರೂ ಅದನ್ನು ನೋಡಿಕೊಳ್ಳುವ ಕಚೇರಿಯಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಮಾರ್ಕೋನಹಳ್ಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಈ ಅಣೆಕಟ್ಟಿಗೆ ಸೈಫನ್ ವ್ಯವಸ್ಥೆ ಇದೆ. ನೀರು ಒಂದು ಮಟ್ಟ ಮುಟ್ಟಿದರೆ ತಾನಾಗಿ ಹರಿಯಲು ಶುರುವಾಗುತ್ತದೆ, ಗೇಟು ತೆಗೆಯುವವರು ಬೇಕಿಲ್ಲ. ಜಲಾಶಯ ತುಂಬಿರುವಾಗ ನಾವು ನೀರಿಗೆ ಇಳಿಯುವುದೇ ಇಲ್ಲ. ಬೇರೆ ದಿನಗಳಲ್ಲೂ ಸೈಫನ್ ಕಡೆಗೆ ದೋಣಿ ತಿರುಗಿಸುವುದಿಲ್ಲ.

ಬೇಸಿಗೆಯಲ್ಲಿ ಶೆಡ್‌ನಲ್ಲಿ ಹೇಗೆ ಇಡುವುದು?

ಹಗ್ಗಗಳನ್ನು ಬರೀ ನೀರಲ್ಲಿ, ಬೇಕಿದ್ದರೆ ಸ್ವಲ್ಪ ಸೋಪಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸುರುಳಿ ಮಾಡಿ ತೊಲೆಗೆ ನೇತುಹಾಕಿ. ನೆಲದ ಮೇಲೆ ಬಿಟ್ಟರೆ ಇಲಿ ಕಡಿಯುತ್ತದೆ. ತಂತಿಗಳನ್ನು ದೊಡ್ಡ ವೃತ್ತವಾಗಿ ಸುತ್ತಿ, ಸಣ್ಣದಾಗಿ ಮಡಿಸಬೇಡಿ. ಪಿನ್ನು, ಉಂಗುರ ಎಲ್ಲಾ ಒಂದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಮಾಸ್ಟಿಗೇ ಕಟ್ಟಿಬಿಡಿ. ಮಾಸ್ಟಿನ ತುದಿಗಳಿಗೆ ಸೊಳ್ಳೆಪರದೆ ಮರೆಯಬೇಡಿ.